ಏಳು ಪ್ರಶ್ನೆಗಳಿಗೆ ಅಪ್ಪನ ಉತ್ತರ

ಡಿಪೋದಲ್ಲಿ ಅಪ್ಪನಿಗೆ ಇಟ್ಟ ಹೆಸರು ನಾನ್‌ಸ್ಟಾಪ್. ಇಪ್ಪತ್ತೇಳು ವರ್ಷ ದೂರದೂರಿನ ಬಸ್ಸು ಓಡಿಸಿದವನು. ಆರು ಗಂಟೆ ಕೂತರೂ ಸೀಟು ಬಿಟ್ಟು ಏಳುತ್ತಿರಲಿಲ್ಲ. ವಯಸ್ಸಾದವರು ಯಾರಾದರೂ ಕಂಬಿ ಹಿಡಿದುಕೊಂಡು ಮುಂದೆ ಬಂದು, ಒಂಚೂರು ನಿಲ್ಲಿಸಪ್ಪ ಅಂದರೆ, "ಸ್ಟ್ಯಾಂಡ್ ಬರ್ಲಿ ಯಜಮಾನ್ರೇ, ಅಲ್ಲೀವರೆಗೆ ತಡ್ಕೊಳ್ಳಿ" ಅನ್ನುತ್ತಿದ್ದ. ಮನೆಗೆ ಬಂದು ಅದನ್ನೇ ಹೇಳಿ ನಗಿಸುತ್ತಿದ್ದ. ನಾವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು, ಸುಳ್ಳೇಕೆ ಹೇಳಲಿ.

ಐವತ್ತೆಂಟಕ್ಕೆ ಅವನ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿತು. ಅರ್ಧ ಗಂಟೆಗೊಮ್ಮೆ ಬಸ್ಸು ರಸ್ತೆ ಬದಿಗೆ. ನಿಂತೂ ನಿಂತೂ ಕಾಲು ಸೋತರೂ ನಾಲ್ಕೇ ಹನಿ. ಪ್ರಯಾಣಿಕರ ದೂರು ಡಿಪೋಗೆ ಹೋಯಿತು. ಮ್ಯಾನೇಜರ್ ಅಪ್ಪನನ್ನು ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿ, ಮೂರು ತಿಂಗಳ ನಂತರದ ವೈದ್ಯಕೀಯ ತಪಾಸಣೆಯಲ್ಲಿ ಪಾಸಾದರೆ ಮತ್ತೆ ಸ್ಟೀರಿಂಗ್ ಕೊಡುತ್ತೇನೆ ಅಂದರು. ಮಾತ್ರೆಗಳಿಂದ ಏನೂ ಆಗಲಿಲ್ಲ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವನಿಗೆ ಕತ್ತರಿ ಹಾಕಲು ನಮ್ಮ ಡಾಕ್ಟರು ಒಪ್ಪಲಿಲ್ಲ. ಹೊರದೇಶದ ಆಸ್ಪತ್ರೆಯ ವಿಚಾರ ಹೇಳಿದ್ದೂ ಅವರೇ. ಅಲ್ಲಿ ಕೊಯ್ಯುವುದಿಲ್ಲ, ಮಣಿಕಟ್ಟಿನ ರಕ್ತನಾಳದೊಳಗೆ ತೆಳುವಾದ ಕೊಳವೆ ಬಿಟ್ಟು, ಗ್ರಂಥಿಗೆ ಹೋಗುವ ರಕ್ತಕ್ಕೆ ಮರಳಿನಂಥ ಮಣಿಗಳಿಂದ ಅಡ್ಡ ಹಾಕುತ್ತಾರೆ. ಕೆಲವು ವಾರಗಳಲ್ಲಿ ಅದು ತಾನಾಗಿ ಕುಗ್ಗುತ್ತದೆ.

ನಾನು ಸರಕು ಸಾಗಣೆ ಕಚೇರಿಯಲ್ಲಿ ಆ ದೇಶದ ಭಾಷೆಯಲ್ಲಿ ಪತ್ರ ಬರೆಯುವವಳು. ಹಾಗಾಗಿ ಜೊತೆಗೆ ಹೋದವಳೂ ನಾನೇ. ಅಣ್ಣನಿಗೆ ಆ ಭಾಷೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅಲ್ಲಿನ ಡಾಕ್ಟರು ಒಳ್ಳೆಯವರು, ಮೆತ್ತಗಿನ ಮಾತು. ಏಳು ಪ್ರಶ್ನೆಗಳ ಹಾಳೆ ಮುಂದಿಟ್ಟುಕೊಂಡರು. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ಐದರವರೆಗೆ ಅಂಕ. ತೊಂದರೆ ಹೆಚ್ಚಾದಷ್ಟೂ ಅಂಕ ಹೆಚ್ಚು.

"ಮೂತ್ರ ಪೂರ್ತಿ ಹೋಗಿಲ್ಲ ಅನ್ಸುತ್ತಾ ಅಂತ ಕೇಳ್ತಿದ್ದಾರೆ ಅಪ್ಪ."

ನನ್ನ ಬಾಯಿಂದ ಆ ಮಾತು ಬಂದದ್ದೇ ಅಪ್ಪನ ಕಿವಿ ಕೆಂಪಾಯಿತು. "ಇಲ್ಲ" ಅಂದ.

"ಧಾರೆ ಮಧ್ಯೆ ಮಧ್ಯೆ ನಿಲ್ಲುತ್ತಾ?"

"ಇಲ್ಲಮ್ಮ, ಹಾಗೇನಿಲ್ಲ."

"ರಾತ್ರಿ ಎಷ್ಟು ಸಲ ಏಳ್ತೀಯ?"

"ಒಂದ್ಸಲ. ಕೆಲವು ದಿನ ಅದೂ ಇಲ್ಲ."

ಹೋಟೆಲಿನ ಗೋಡೆ ತೆಳು. ಹಿಂದಿನ ರಾತ್ರಿ ಪಕ್ಕದ ಕೋಣೆಯಲ್ಲಿ ಅಪ್ಪ ಆರು ಸಲ ಎದ್ದು ನೀರು ಬಿಟ್ಟ ಸದ್ದು ನಾನೇ ಕೇಳಿದ್ದೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಬಿಳಿಗೂದಲಿನ ತಂದೆ ಮಗಳೆದುರು ತಲೆ ತಗ್ಗಿಸಿ ಕೂತಿರುವಾಗ, ಇವನು ಹೇಳುತ್ತಿರುವುದು ಸುಳ್ಳು ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. "ಒಂದು ಸಲ" ಎಂದು ಅವರ ಭಾಷೆಯಲ್ಲಿ ಹೇಳಿದೆ.

ಮೂವತ್ತೈದಕ್ಕೆ ಮೂರು. ಡಾಕ್ಟರು ಪೆನ್ನು ಕೆಳಗಿಟ್ಟು, ಗ್ರಂಥಿ ದೊಡ್ಡದಿರುವುದು ನಿಜ, ಆದರೆ ನಾವು ಚಿಕಿತ್ಸೆ ಕೊಡುವುದು ಗಾತ್ರಕ್ಕಲ್ಲ, ಸಂಕಟಕ್ಕೆ, ಇಷ್ಟು ಆರಾಮಾಗಿರುವವರ ರಕ್ತನಾಳಕ್ಕೆ ಕೈ ಹಾಕುವುದು ಸರಿಯಲ್ಲ ಅಂದರು.

ಅಪ್ಪ ನನ್ನತ್ತ ಬಾಗಿದ.

"ಪಾಸಾ?"

ಆಗ ನನಗೆ ಪೂರ್ತಿ ಅರ್ಥವಾಯಿತು. ನಾಚಿಕೆ ಒಂದೇ ಅಲ್ಲ. ಇಪ್ಪತ್ತೇಳು ವರ್ಷ ಡಿಪೋದ ಡಾಕ್ಟರ ಮುಂದೆ ಕೂತು, ತಲೆಸುತ್ತು ಇದೆಯಾ, ಇಲ್ಲ ಸಾರ್, ಕಣ್ಣು ಮಂಜಾ, ಇಲ್ಲ ಸಾರ್ ಎಂದು ಕೆಲಸ ಉಳಿಸಿಕೊಂಡವನು. ಇಲ್ಲಿಯೂ ಅದನ್ನೇ ಮಾಡಿದ್ದ.

"ಪಾಸಾಗ್ಬಾರ್ದಿತ್ತು ಅಪ್ಪ. ನಿಂಗೇನೂ ತೊಂದ್ರೆ ಇಲ್ವಂತೆ. ಚಿಕಿತ್ಸೆ ಬೇಡ್ವಂತೆ."

ಅವನ ಮುಖ ನೋಡಲಾಗಲಿಲ್ಲ. "ಇನ್ನೊಂದ್ಸಲ ಕೇಳೋಕೆ ಹೇಳಮ್ಮ" ಅಂದ. ನಾನು ಬೇಡಿಕೊಂಡೆ. ಡಾಕ್ಟರು ಮತ್ತೆ ಕೇಳಿದರು. ಈ ಸಲ ಅಪ್ಪ ಪ್ರಶ್ನೆ ಮುಗಿಯುವ ಮೊದಲೇ ಐದು, ಐದು ಅನ್ನತೊಡಗಿದ. ಮೂವತ್ತೈದಕ್ಕೆ ಮೂವತ್ತೈದು. ಡಾಕ್ಟರು ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ನಾನಾಗಿದ್ದರೂ ನಂಬುತ್ತಿರಲಿಲ್ಲ. ಕೊನೆಗೆ ಒಂದು ಅಳತೆಯ ಲೋಟ, ಒಂದು ಪಟ್ಟಿ ಕೊಟ್ಟು, ಮೂರು ದಿನ ಪ್ರತಿ ಸಲವೂ ಹೊತ್ತು ಮತ್ತು ಅಳತೆ ಬರೆದು ತನ್ನಿ ಅಂದರು. ಒಂದೇ ದಿನದ ಚಿಕಿತ್ಸೆ ಎಂದು ಪಡೆದಿದ್ದ ನಮ್ಮ ವೀಸಾ ಮುಗಿಯುವುದು ಮರುದಿನ. ಮುಂದಿನ ಸರದಿ ನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಡಿಪೋದ ತಪಾಸಣೆ ಮುಗಿದಿರುತ್ತದೆ. ಇನ್ನೂ ಬೇಗ ಕೊಡಿ ಎಂದು ಕೈ ಮುಗಿದೆ, ದಿನಾಂಕ ತಮ್ಮ ಕೈಯಲ್ಲಿಲ್ಲ ಅಂದರು.

ಮರುದಿನ ವಿಮಾನ ನಿಲ್ದಾಣದ ಬಸ್ಸಿನಲ್ಲಿ ಅಪ್ಪ ಚಾಲಕನ ಬೆನ್ನ ಹಿಂದಿನ ಸೀಟೇ ಬೇಕೆಂದು ಕೂತ. ಇಪ್ಪತ್ತು ನಿಮಿಷಕ್ಕೆ ಕಾಲು ಅಲ್ಲಾಡಿಸತೊಡಗಿದ. ಆಮೇಲೆ ಮುಂದಿನ ಕಂಬಿ ಹಿಡಿದುಕೊಂಡ.

"ಒಂಚೂರು ನಿಲ್ಲಿಸೋಕೆ ಹೇಳಮ್ಮ."

ಹೇಳಿದೆ. ಚಾಲಕ ಕನ್ನಡಿಯಲ್ಲಿ ನಮ್ಮನ್ನು ನೋಡಿ, ನಗುತ್ತಲೇ ಏನೋ ಅಂದ.

"ಏನಂದ?"

ಯಾವ ಮಾತನ್ನೂ ಬದಲಿಸದೆ ಹೇಳುವುದಷ್ಟೇ ನನ್ನ ಕೈಲಿದ್ದದ್ದು. "ನಿಲ್ದಾಣ ಬರ್ಲಿ, ಅಲ್ಲೀವರೆಗೆ ತಡ್ಕೊಳ್ಳಿ ಅಂತಿದ್ದಾನೆ."

ಅಪ್ಪ ತಲೆಯಾಡಿಸಿದ. ಸ್ವಲ್ಪ ಹೊತ್ತಾದ ಮೇಲೆ ಜೇಬಿನಿಂದ ಡಾಕ್ಟರು ಕೊಟ್ಟ ಪಟ್ಟಿ ತೆಗೆದು, ನನ್ನ ಪೆನ್ನು ಕೇಳಿ, ಗಡಿಯಾರ ನೋಡಿ ಹೊತ್ತು ಬರೆದ. ಅಳತೆಯ ಜಾಗ ಖಾಲಿ ಬಿಟ್ಟ. ನಾನು ನನ್ನ ಶಾಲು ತೆಗೆದು ಅವನ ಒದ್ದೆಯಾದ ತೊಡೆಯ ಮೇಲೆ ಹಾಕಿದೆ.