ಮೆಹರಾಜನ ಮಗಳು ತಡವಾಗಿ ಬಂದ ಸಂಜೆ

ನಿಡಗುಂದಿಯ ಮೆಹರಾಜ ಹದಿನಾರು ವರ್ಷ ಕುವೈತಿನಲ್ಲಿ ಎಸಿ ರಿಪೇರಿ ಮಾಡಿದವನು. ತಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದರಿಂದ, ಒಬ್ಬಳೇ ಮಗಳು ಇರಮಳನ್ನು ಅಲ್ಲಿಯ ಒಳ್ಳೆಯ ಇಂಗ್ಲಿಷ್ ಶಾಲೆಗೆ ಹಾಕಿದ್ದ. ಶ್ರೀಮಂತ ದೇಶ, ದೊಡ್ಡ ಶಾಲೆ; ಮಗಳು ಸುಖವಾಗಿದ್ದಾಳೆಂದೇ ನಂಬಿದ್ದ. ಅವಳ ಮಾತು ಕಡಿಮೆಯಾದದ್ದನ್ನು ಓದಿನ ಮೇಲಿನ ಲಕ್ಷ್ಯ ಎಂದುಕೊಂಡ.

ಹೋದ ವರ್ಷ ಅವನು ದುಡಿಯುತ್ತಿದ್ದ ಕಂಪನಿ ಮುಚ್ಚಿತು. ಊರಿಗೆ ಬಂದು ಫ್ರಿಜ್, ಎಸಿ ರಿಪೇರಿ ಅಂಗಡಿ ತೆರೆದ. ಇರಮ ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಗೆ ಸೇರಿದಳು. ಕನ್ನಡ ಮಾತಾಡುತ್ತಿದ್ದಳೇ ಹೊರತು ಬರೆಯಲು ಬರುತ್ತಿರಲಿಲ್ಲ. ಪ್ರಯೋಗಾಲಯ ಎಲ್ಲಿ ಎಂದು ಕೇಳಿದರೆ ಒಂದು ಕಪಾಟು ತೋರಿಸಿದರಂತೆ. ಮಗಳ ಬಾಳನ್ನು ಕೈಯಾರೆ ಕೆಡಿಸಿದೆ ಎಂಬ ಕೊರಗು ಮೆಹರಾಜನಿಗೆ ಹತ್ತಿಕೊಂಡಿತು. ಹೆಂಡತಿ ರೋಷನಬಿ ಎಷ್ಟು ಸಮಾಧಾನ ಹೇಳಿದರೂ ಅದು ಹೋಗಲಿಲ್ಲ.

ಆಗಸ್ಟಿನ ಒಂದು ಸಂಜೆ ಐದರ ಬಸ್ಸಿನಿಂದ ಇರಮ ಇಳಿಯಲಿಲ್ಲ. ಐದೂವರೆಯ ಬಸ್ಸಿನಲ್ಲೂ ಇಲ್ಲ. ನಿಲ್ದಾಣದಲ್ಲಿ ಕಾಯುತ್ತಿದ್ದ ಮೆಹರಾಜ ಅವಳ ಶಿಕ್ಷಕಿ ಸುವರ್ಣಾ ಅವರಿಗೆ ಫೋನು ಹಚ್ಚಿದ.

“ಗಾಬರಿ ಆಗಬ್ಯಾಡ್ರಿ, ಈಗಷ್ಟ ಬಸ್ ಹತ್ತಿಸೇನಿ. ಖೋಖೋ ತಂಡಕ್ಕ ಸೇರ್ಯಾಳ. ನಿಮಗ ಹೇಳಿಲ್ಲೇನ್ರಿ?”

ಇರಮ ಬಸ್ಸಿನಿಂದ ಇಳಿದಾಗ ಚೂಡಿದಾರದ ಮೊಣಕಾಲು ಹರಿದಿತ್ತು, ಮೈಯೆಲ್ಲ ಮಣ್ಣು. ಮುಖ ಮಾತ್ರ ಅರಳಿತ್ತು. ಬೈಯಲು ಬಾಯಿ ತೆರೆದವನು ಅವಳ ತೋಳಿನ ಮಣ್ಣು ಕೊಡವಿದ.

ಮನೆಯ ದಾರಿಯಲ್ಲಿ ತಡೆಯಲಾರದೆ ಕೇಳಿದ: “ಅಲ್ಲೆ ಅಂಥಾ ಸಾಲಿ ಇತ್ತು. ನೀ ಖುಷಿ ಇದ್ದಿಲ್ಲೇನವಾ?”

“ಸಾಲಿ ಭಾಳ ಛಲೋ ಇತ್ತು ಅಬ್ಬಾ. ಅಲ್ಲಿ ಲ್ಯಾಬ್ ಈಗೂ ನೆನಪಾಗತೈತಿ. ಆದ್ರ ಸಾಲಿ ಬಿಟ್ಟ ಮ್ಯಾಲ ಎಲ್ಲಿ ಹೋಗೂದು? ನಾನೂ ಅಮ್ಮೀನೂ ಬಾಗಲಾ ಹಾಕ್ಕೊಂಡು ಕುಂದರ್ತಿದ್ವಿ. ಕ್ಲಾಸಿನ್ಯಾಗ ಎಲ್ಲಾರೂ ಬರೇ ಮಾರ್ಕ್ಸ್ ಕೇಳ್ತಿದ್ರು.”

“ನನಗ ಹೇಳಬೇಕಿಲ್ಲೇನು?”

“ನೀವು ಅಷ್ಟು ದುಡೀತಿದ್ರಿ. ಹ್ಯಾಂಗ ಹೇಳ್ಲಿ?”

ಮೆಹರಾಜ ರಸ್ತೆಯ ಬದಿಗೆ ನಿಂತುಬಿಟ್ಟ. ಇಷ್ಟು ವರ್ಷ ತನಗೆ ತಿಳಿಯಲಿಲ್ಲವಲ್ಲ ಎಂದು ನೊಂದುಕೊಂಡ. ಆದರೆ ತಿಂಗಳುಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ಊರಿಗೆ ಕರೆತಂದು ತಾನು ಅವಳ ಬಾಳನ್ನು ಕೆಡಿಸಿರಲಿಲ್ಲ.

“ಕನ್ನಡ ಟೆಸ್ಟಿನ್ಯಾಗ ಇಪ್ಪತ್ತಕ್ಕ ಎಂಟು ಬಿದ್ದಾವ ಅಬ್ಬಾ. ಪಾಸ್ ಆಗೇನಿ!”

ಕುವೈತಿನಲ್ಲಿ ನೂರಕ್ಕೆ ತೊಂಬತ್ತೊಂದು ಬಂದಾಗಲೂ ಅವಳ ದನಿ ಇಷ್ಟು ಏರಿರಲಿಲ್ಲ. ಮೆಹರಾಜ ಜೋರಾಗಿ ನಕ್ಕು ಅವಳ ಚೀಲ ಇಸಿದುಕೊಂಡ. ಮುದ್ದೇಬಿಹಾಳದ ತಂಡದ ಜೊತೆ ಶನಿವಾರ ಪಂದ್ಯ ಇದೆಯೆಂದು ಹೇಳುತ್ತ ಇರಮ ಕುಂಟುತ್ತಲೇ ಅವನಿಗಿಂತ ಮುಂದೆ ನಡೆದಳು.