ಹೆಸರುಗಳು ಸರಿ ಇರಲಿಲ್ಲ, ಲವೀನಕ್ಕ

ಲವೀನಕ್ಕ, ನಿಮ್ಮ ಕೋಡಿನಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು. ನೀವು ಕೆಲಸ ಬಿಡುವ ಮೊದಲೇ ನನಗದು ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಇಷ್ಟನ್ನು ಬರೆಯಲು ನನಗೆ ಏಳು ವರ್ಷ ಬೇಕಾಯಿತು. ಉಳಿದದ್ದನ್ನು ಬಿಡಿಸಿ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ಇದನ್ನು ಬೇರೆಯವರೂ ಓದಬೇಕು.

ಬಲ್ಮಠದ ಆ ಎರಡನೇ ಮಹಡಿಯ ಕಚೇರಿಯಲ್ಲಿ ನಾವು ಆರೇ ಜನ. ಮೀನುಗಾರಿಕೆಯ ಬೋಟುಗಳಿಗೆ ಒಂದು ಪೆಟ್ಟಿಗೆ ಮಾಡುತ್ತಿದ್ದೆವು — ಬೋಟು ಕಡಲಿನಲ್ಲಿ ಎಲ್ಲಿದೆ ಎಂದು ತೋರಿಸುವ, ಗಾಳಿ ಏಳುವ ಮುನ್ನ ಎಚ್ಚರಿಸುವ, ಸಣ್ಣ ಪರದೆಯ ಪೆಟ್ಟಿಗೆ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ, ಎಂಟು ವರ್ಷ ಬಿಟ್ಟಿದ್ದ ಕೆಲಸಕ್ಕೆ ನೀವು ಮರಳಿ ಬಂದಿದ್ದಿರಿ. ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಎಲ್ಲರಿಗಿಂತ ಮೊದಲು ನಿಮ್ಮ ಮೇಜಿನ ಮುಂದೆ ಇರುತ್ತಿದ್ದಿರಿ. ಪರದೆಯನ್ನು ನಡೆಸುವ ಕೋಡು, ಅಂದರೆ ಡ್ರೈವರ್, ನಿಮ್ಮದು. ನಾನು ಶಕ್ತಿನಗರದ ಅರ್ಚಕರ ಮಗ, ಕಾಲೇಜು ಮುಗಿಸಿ ಒಂದೇ ವರ್ಷವಾಗಿತ್ತು. ಎಲ್ಲರ ಕೋಡನ್ನೂ ಒಟ್ಟುಗೂಡಿಸಿ ಪೆಟ್ಟಿಗೆಗೆ ಹಾಕಲು ಸಿದ್ಧ ಮಾಡುವ ಬಿಲ್ಡ್ ವ್ಯವಸ್ಥೆ ನನ್ನ ಜವಾಬ್ದಾರಿ. ಅದನ್ನೂ ಕಲಿಸಿದ್ದು ನೀವು. ನಾನು ಅದನ್ನು ಕೆಡಿಸಿದಾಗಲೆಲ್ಲ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಿರಿ. ಒಮ್ಮೆಯೂ ಗದರಲಿಲ್ಲ.

ಪರೀಕ್ಷೆಗೆಂದು ಪೆಟ್ಟಿಗೆ ಇಟ್ಟಿದ್ದ ಬೋಟನ್ನು ನಡೆಸುವ ತಾಂಡೇಲ ಒಂದು ಬೆಳಿಗ್ಗೆ ಮೀನುಬಂದರಿನ ದಕ್ಕೆಯಿಂದ ಫೋನ್ ಮಾಡಿದ.

"ನಿಮ್ಮ ಡಬ್ಬಿ ನಡುನಡುವೆ ನಿದ್ದೆ ಮಾಡ್ತದೆ ಮಾರಾಯ್ರೆ. ಅದನ್ನು ಎಬ್ಬಿಸ್ಲಿಕ್ಕೆ ಎಂತ ಮಾಡ್ಬೇಕು?"

ನಾವೆಲ್ಲ ನಕ್ಕೆವು. ಆದರೆ ಕಡಲಿನ ನಡುವೆ ಪರದೆ ಹತ್ತು ಸೆಕೆಂಡು ಸ್ತಬ್ಧವಾಗುವುದು ನಗುವ ವಿಷಯವಾಗಿರಲಿಲ್ಲ. ಕಂಪೆನಿಯ ಮಾಲೀಕರಾದ ಪ್ರಭಾಕರ ಸರ್ ನನ್ನನ್ನು ಕರೆದರು. ಪೆಟ್ಟಿಗೆಯ ಸಮಯವೆಲ್ಲ ಎಲ್ಲಿ ಹೋಗುತ್ತಿದೆ ಎಂದು ಅಳೆಯುವ ಸಾಧನವನ್ನು ಬಿಲ್ಡಿಗೆ ಸೇರಿಸಬೇಕು, ಶುಕ್ರವಾರದ ಸಭೆಗೆ ಉತ್ತರ ಬೇಕು ಎಂದರು.

ಆ ಸಾಧನ ಪರ್ಫ್. ಕರ್ನಲ್‌ನ — ಅಂದರೆ ಪೆಟ್ಟಿಗೆಯ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ತಂತ್ರಾಂಶದ — ಯಾವ ಭಾಗ ಎಷ್ಟು ಸಮಯ ತಿನ್ನುತ್ತಿದೆ ಎಂದು ಅದು ತೋರಿಸುತ್ತದೆ. ಆದರೆ ಅದಕ್ಕೆ ಕಾಣುವುದು ಬರೀ ಸಂಖ್ಯೆಗಳು. ಯಾವ ಸಂಖ್ಯೆ ಯಾವ ಫಂಕ್ಷನ್, ಅಂದರೆ ಕೋಡಿನ ಯಾವ ತುಣುಕು, ಎಂದು ತಿಳಿಯಲು ಅದೇ ಕರ್ನಲ್‌ನ ಹೆಸರುಗಳ ಕಡತ ಬೇಕು. ಹಿಂದಿನ ವಾರವಷ್ಟೇ ನಾವು ಕರ್ನಲ್ ಬದಲಿಸಿದ್ದೆವು. ಪರ್ಫನ್ನು ಬಿಲ್ಡಿಗೆ ಸೇರಿಸಲು ನಾನು ಕಟ್ಟಿದ ಪ್ಯಾಕೇಜು ಹೊಸದರ ಜೊತೆ ಹೊಂದಿಕೊಳ್ಳಲೇ ಇಲ್ಲ. ಎರಡು ದಿನ ಒದ್ದಾಡಿದೆ. ಗುರುವಾರ ಮಧ್ಯಾಹ್ನ — ಹಳೆಯ ಬಿಲ್ಡಿನಲ್ಲಿ ಬಿದ್ದಿದ್ದ ಹೆಸರುಗಳ ಕಡತವನ್ನೇ ತಂದು ತುರುಕಿದೆ. ಎರಡಕ್ಕೂ ಹೊಂದಾಣಿಕೆ ಇಲ್ಲ, ಹೆಸರುಗಳು ತಪ್ಪಾಗಿ ಬೀಳಬಹುದು ಎಂದು ಒಂದು ಎಚ್ಚರಿಕೆಯ ಸಾಲು ಬಂತು. ಅದು ಕಾಣದಂತೆ ಮಾಡಿದೆ. ಆಗ ತಲೆಯಲ್ಲಿ ಇದ್ದದ್ದು ಇಷ್ಟೇ: ನಾಳೆ ಏನಾದರೂ ತೋರಿಸಬೇಕು.

ಶುಕ್ರವಾರ ಗೋಡೆಯ ಮೇಲೆ ಮೂಡಿದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಮ್ಮ ಫಂಕ್ಷನ್ ಇತ್ತು.

"ಇದು ನಿಮ್ಮದಲ್ವಾ ಲವೀನಾ?" ಎಂದರು ಸರ್.

"ಹೌದು ಸರ್, ನನ್ನದೇ. ಆದ್ರೆ ಇದಕ್ಕೆ ಇಷ್ಟು ಹೊತ್ತು ಬೇಡ..." ನೀವು ನನ್ನ ಕಡೆ ತಿರುಗಿದಿರಿ. "ಶ್ರೀಪತಿ, ಹೆಸರುಗಳು ಸರಿ ಉಂಟಲ್ಲ?"

ಕೇಳಬೇಕಾಗಿದ್ದ ಒಂದೇ ಪ್ರಶ್ನೆ ಅದು — ನೀವು ಅದನ್ನೇ ಕೇಳಿದ್ದಿರಿ.

"ಸರಿ ಉಂಟು ಅಕ್ಕ," ಎಂದೆ.

ಮತ್ತೆ ನೀವು ಕೇಳಲಿಲ್ಲ. ನನ್ನನ್ನು ನಂಬಿದಿರಿ, ನಿಮ್ಮನ್ನು ನೀವು ನಂಬುವುದು ಬಿಟ್ಟಿರಿ. ಮಧ್ಯಾಹ್ನದ ಊಟಕ್ಕೂ ಏಳದೆ, ಚೆನ್ನಾಗಿಯೇ ಇದ್ದ ಕೋಡನ್ನು ಒಡೆದು ಹೊಸದಾಗಿ ಬರೆಯತೊಡಗಿದಿರಿ.

ಮೂರನೇ ವಾರ ನನ್ನ ಪ್ಯಾಕೇಜು ಹೊಸ ಕರ್ನಲ್‌ಗೆ ಕೊನೆಗೂ ಸರಿಯಾಗಿ ಕೂಡಿತು. ಓಡಿಸಿ ನೋಡಿದೆ. ನಿಮ್ಮ ಫಂಕ್ಷನ್ ಎಲ್ಲೋ ತಳದಲ್ಲಿತ್ತು. ಮೇಲಿದ್ದದ್ದು ಮೆಮೊರಿ ಕಾರ್ಡಿಗೆ ಬರೆಯುವ ಕೆಲಸ — ಉಪಗ್ರಹದಿಂದ ಬಂದ ಪ್ರತಿಯೊಂದು ಸಂದೇಶವನ್ನೂ ಆ ಕ್ಷಣವೇ ಕಾರ್ಡಿಗೆ ಬರೆದಿಡುವ ಲಾಗ್. ಪರೀಕ್ಷೆಗೆಂದು ಹಾಕಿ ತೆಗೆಯಲು ಮರೆತದ್ದು. ನಾನೇ ಹಾಕಿ, ನಾನೇ ಮರೆತದ್ದು.

ನೀವು ನಾಲ್ಕು ಹೆಜ್ಜೆ ಆಚೆ ಕುಳಿತಿದ್ದಿರಿ. ಎದ್ದು ಬಂದು ಹೇಳಬಹುದಿತ್ತು. ಹೇಳಿದ್ದರೆ ನೀವು ನಗುತ್ತಿದ್ದಿರೇನೋ... ನಾನು ಹೇಳಲಿಲ್ಲ. ನಿಮ್ಮ ಹೊಸ ಡ್ರೈವರ್ ಬಿಲ್ಡಿಗೆ ಸೇರುವ ದಿನದವರೆಗೆ ಕಾದೆ, ಅದೇ ದಿನ ನನ್ನ ಲಾಗನ್ನು ತೆಗೆದುಹಾಕಿದೆ. ಬದಲಾವಣೆಯ ಟಿಪ್ಪಣಿಯಲ್ಲಿ "ಸಣ್ಣಪುಟ್ಟ ಸ್ವಚ್ಛತೆ" ಎಂದು ಬರೆದೆ. ಪೆಟ್ಟಿಗೆ ಮತ್ತೆಂದೂ ನಿಲ್ಲಲಿಲ್ಲ. ನಿಮ್ಮ ಬದಲಾವಣೆಯಿಂದ ಸರಿಯಾಯಿತು ಎಂದರು ಎಲ್ಲರೂ. ಅಂದರೆ ಮೊದಲು ಕೆಟ್ಟಿದ್ದೂ ನಿಮ್ಮಿಂದಲೇ ಎಂದಾಯಿತು. ನೀವೂ ಹಾಗೆಯೇ ತಿಳಿದಿರಿ. ಹಾಗೆ ತಿಳಿಯಲಿ ಎಂದೇ ನಾನು ಆ ದಿನದವರೆಗೆ ಕಾದದ್ದು.

ನಿಮ್ಮನ್ನು ಯಾರೂ ಕಳಿಸಲಿಲ್ಲ. ನೀವೇ ಹೊರಟಿರಿ.

"ಎಂಟು ವರ್ಷ ಮನೆಯಲ್ಲಿದ್ದೆ ಅಲ್ವಾ, ಕೈ ಹೋಗಿದೆ. ಬೋಟಿನವರ ಜೀವದ ಪ್ರಶ್ನೆ ಮಾರಾಯ, ನನ್ನಿಂದ ಬೇಡ," ಎಂದಿರಿ. ಆಮೇಲೆ, "ನೀನು ಕಂಡುಹಿಡಿದದ್ದು ಒಳ್ಳೆದಾಯ್ತು."

ನಾನು ತಲೆಯಾಡಿಸಿದೆ. ಬರೀ ತಲೆಯಾಡಿಸಿದೆ. ನಿಮ್ಮ ಕೆಲಸ ನನಗೆ ಬಂತು.

ಕಳೆದ ತಿಂಗಳು ತೊಕ್ಕೊಟ್ಟು ಜಂಕ್ಷನ್ನಿನಲ್ಲಿ, ಹಣ್ಣಿನ ಅಂಗಡಿಯ ಎದುರು, ನೀವೇ ನನ್ನನ್ನು ಗುರುತಿಸಿ ಕರೆದಿರಿ. ಈಗ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೀರಂತೆ. ಪಕ್ಕದಲ್ಲಿ ನಿಮ್ಮ ಮಗಳು ರಿಯಾ, ಪಿಯುಸಿ ಮುಗಿಸಿದವಳು.

"ಇವನೇ ಶ್ರೀಪತಿ. ನನ್ನ ತಪ್ಪು ಕಂಡುಹಿಡಿದವ. ಭಾರೀ ಹುಷಾರು," ಎಂದು ಅವಳಿಗೆ ಪರಿಚಯಿಸಿದಿರಿ. ಅಭಿಮಾನದಿಂದ.

ಮುಂದೆ ಏನು ಓದುತ್ತೀ ಎಂದು ನಾನು ಅವಳನ್ನು ಕೇಳಿದೆ, ಏನಾದರೂ ಮಾತಾಡಬೇಕಿತ್ತು.

"ನನಗೆ ಎಂಬೆಡೆಡ್ ಇಷ್ಟ ಉಂಟು, ಮಮ್ಮಿ ಮೊದಲು ಮಾಡ್ತಿದ್ದ ಕೆಲಸ. ಮಮ್ಮಿ ಬೇಡ ಹೇಳ್ತಾರೆ. ಅದು ನಮ್ಮಂಥವರಿಗೆ ಆಗುದಿಲ್ಲ ಅಂತ."

ನೀವು ಅವಳ ಭುಜ ಸವರಿ ನಕ್ಕಿರಿ. ನಾನು ಬಸ್ಸು ಬಂತೆಂದು ಸುಳ್ಳು ಹೇಳಿ ಹೊರಟುಬಿಟ್ಟೆ.

ಮರುದಿನ ಪ್ರಭಾಕರ ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಹೇಳಿ ಎಂತ ಪ್ರಯೋಜನ? ಅವರಿಗೆ ಹೇಳಿದ್ದೀಯಾ?" ಎಂದರು.

ಆ ವಾರ ನಿಮ್ಮ ಮೊದಲಿನ ಡ್ರೈವರನ್ನು — ಎಲ್ಲರೂ ಕೆಟ್ಟದ್ದೆಂದು ಬದಿಗಿಟ್ಟದ್ದನ್ನು — ಒಂದು ಸಾಲೂ ತಿದ್ದದೆ, ನನ್ನ ಆ ಲಾಗ್ ಮಾತ್ರ ಇಲ್ಲದೆ, ಹಳೆಯ ಪೆಟ್ಟಿಗೆಯೊಂದರಲ್ಲಿ ಹಾಕಿ ಏಳು ದಿನ ಬಿಡದೆ ಓಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ. ಅದರ ವರದಿಯನ್ನೂ ಅಂದಿನ ತಪ್ಪು ಮತ್ತು ಸರಿ ಎರಡು ಪಟ್ಟಿಗಳನ್ನೂ ಇದರ ಜೊತೆ ಇಟ್ಟಿದ್ದೇನೆ. ಅಂದು ಆ ಸಭೆಯಲ್ಲಿ ಕುಳಿತಿದ್ದ ಪ್ರತಿಯೊಬ್ಬರಿಗೂ ಇದೇ ಪತ್ರ ಹೋಗುತ್ತದೆ.

ಕ್ಷಮೆ ಕೇಳುತ್ತಿಲ್ಲ ಅಕ್ಕ. ಕೇಳಿದರೆ, ಕೊಡಬೇಕೋ ಬೇಡವೋ ಎಂಬ ಕಷ್ಟವೂ ನಿಮ್ಮ ಮೇಲೆಯೇ ಬೀಳುತ್ತದೆ.

ಭಾನುವಾರ ನೀವು ಚರ್ಚ್‌ನಿಂದ ಬಂದ ಮೇಲೆ ಮನೆಯ ಹತ್ತಿರ ಬರುತ್ತೇನೆ. ನನ್ನನ್ನು ಒಳಗೆ ಕರೆಯಬೇಕೆಂದಿಲ್ಲ. ರಿಯಾಳನ್ನು ಮಾತ್ರ ಒಂದು ನಿಮಿಷ ಹೊರಗೆ ಕಳಿಸಿ. ಈ ಕೆಲಸ ಅವಳ ಅಮ್ಮನಿಗೆ ಎಷ್ಟು ಚೆನ್ನಾಗಿ ಬರುತ್ತಿತ್ತು ಎಂಬುದನ್ನು ಅವಳ ಮುಖ ನೋಡಿ ನಾನೇ ಹೇಳಬೇಕು.