ಹಗ್ಗದ ಮೇಲಿನ ತುದಿ

ಸೈದಪ್ಪನಿಗೆ ಸಿನೆಮಾದ ಚಟವಿರಲಿಲ್ಲ. ಆ ಮಧ್ಯಾಹ್ನ ನಿಂಬರ್ಗಾದಲ್ಲಿ ಕುಲಸುಮಬಿಯ ಚಹಾದಂಗಡಿಯ ಟಿವಿಯಲ್ಲಿ ನೀರು ಕಂಡಿತು, ನೋಡುತ್ತ ಕೂತುಬಿಟ್ಟ. ಯಾವುದೋ ದೇಶದ ನಾಲ್ವರು ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ನೀರೊಳಗಿನ ಗವಿ ಹೊಕ್ಕಿದ್ದರು. ಬಂಡೆ ಕುಸಿದು ದಾರಿ ಮುಚ್ಚಿತ್ತು. ಒಬ್ಬ ಕತ್ತಲಲ್ಲಿ ತಡಕಾಡಿ ಹಗ್ಗ ಹಿಡಿದು ಜಗ್ಗಿದ, ಮತ್ತೆ ಜಗ್ಗಿದ. ಅದರ ಇನ್ನೊಂದು ತುದಿಯನ್ನು ಹೊರಗೊಂದು ಕಲ್ಲಿಗೆ ಕಟ್ಟಿದ್ದರು.

“ಕಲ್ಲಿಗೆ ಕಟ್ಯಾರ ನೋಡ್ರಿ, ಮಂಗ್ಯಾಗಳು!” ಸೈದಪ್ಪ ಬೆಂಚು ಗುದ್ದಿದ. “ಕಲ್ಲಿಗೇನ್ ಗೊತ್ತಾಗ್ತದ? ಮ್ಯಾಲ ಒಬ್ಬ ಮನಷ್ಯಾ ಬ್ಯಾಡೇನು?”

“ಕಾಕಾ, ಅದು ಸಿನೆಮಾ. ನೀ ಯಾಕ ಬೆವರಾಕತ್ತಿ?” ಹಿಂದಿನ ಬೆಂಚಿನವನೊಬ್ಬ ನಕ್ಕ.

“ನಗಲೇ, ನಗು. ನಿನ್ನ ಬಾವ್ಯಾಗ ಇಳಸ್ತೀನಿ, ಆಮ್ಯಾಲ ನಗು.”

ಕುಲಸುಮಬಿ ಟಿವಿಯಿಂದ ಕಣ್ಣು ಕೀಳಲಿಲ್ಲ. ಚಹಾ ಉಕ್ಕಿ ಸ್ಟೋವಿನ ಮೇಲೆ ಸುರಿಯಿತು.

ಸೈದಪ್ಪ ಬಾವಿಯಲ್ಲಿ ಮುಳುಗುವವ. ಬಿದ್ದ ಕೊಡ, ಪಂಪಿನ ಪೈಪಿನ ತುದಿಯಿಂದ ಕಳಚಿದ ಕಬ್ಬಿಣದ ಫುಟ್‌ವಾಲ್, ಒಮ್ಮೊಮ್ಮೆ ಹೆಣ, ಏನಿದ್ದರೂ ಎತ್ತಿ ತರುವವ. ಅವನ ಸೊಂಟದ ಹಗ್ಗದ ಮೇಲಿನ ತುದಿ ಕುಲಸುಮಬಿಯ ಗಂಡ ಇಮಾಮಸಾಬನ ಕೈಯಲ್ಲಿರುತ್ತಿತ್ತು. ದಂಡೆಯ ಮೇಲೆ ಇಬ್ಬರಿಗೂ ಬೀಡಿಗೊಂದು ಜಗಳ. ಆದರೆ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡನೆಂದರೆ ಇಮಾಮಸಾಬ ಯಾರ ಸಲಾಮಿಗೂ ಬಾಯಿ ಬಿಡುತ್ತಿರಲಿಲ್ಲ. ಕೆಳಗಿನಿಂದ ಎರಡು ಜಗ್ಗಿದರೆ ಎಳೆದುಕೊ ಎಂದು. ಒಂದೇ ಜಗ್ಗಿದರೆ ‘ಇದ್ದೀಯಾ?’ ಎಂದು. ಅವನೂ ಒಂದು ಜಗ್ಗಿ ‘ಇದ್ದೀನಿ’ ಅನ್ನುತ್ತಿದ್ದ.

ಯುಗಾದಿಯ ಹೊತ್ತಿಗೆ ಕಾಮಾಲೆಯಾಗಿ ಇಮಾಮಸಾಬ ತೀರಿಹೋದ. ಕುಲಸುಮಬಿ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತಿನ ಸೂತಕ ಮುಗಿಸಿ ಅಂಗಡಿ ತೆರೆದಳು. ಸೈದಪ್ಪ ಮಾತ್ರ ಮತ್ತೆ ನೀರಿಗಿಳಿಯಲಿಲ್ಲ. ಕರೆಯಲು ಬಂದವರನ್ನು ಬೈದು ಅಟ್ಟುವುದು, ದಿನವೆಲ್ಲ ಆ ಬೆಂಚು, ಸಂಜೆ ಒಬ್ಬನೇ ಒಲೆಯ ಮುಂದೆ ಕೂರುವುದು. ಹಗ್ಗ ಗೂಟದಲ್ಲಿ ಒಣಗಿ ಸೆಟೆದಿತ್ತು.

ಸಿನೆಮಾ ಮುಗಿದಿರಲಿಲ್ಲ. ತೊಗರಿ ಹೊಲದ ಗುರುಶಾಂತ ಓಡುತ್ತ ಬಂದ.

“ಕಾಕಾ, ಫುಟ್‌ವಾಲ್ ಬಿದ್ದು ಬಾವಿ ತಳದ ಗವ್ಯಾಗ ಜಾರ್ಯದ್ರಿ. ತೊಗರಿ ಹೂವಿಗೆ ಬಂದದ, ನೀರು ಬೇಕ. ಹಗ್ಗ ಬೇವಿನ ಗಿಡಕ್ಕ ಕಟ್ಟೋಣ್ರಿ.”

“ನಿಮ್ಮಪ್ಪನ್ನ ಕಟ್ಟು ಗಿಡಕ್ಕ!”

ಕುಲಸುಮಬಿ ಸ್ಟೋವು ಆರಿಸಿದಳು. “ನಾ ಹಿಡೀತೀನಿ. ನಡೀರಿ ಭಾಯಿ.”

“ನೀವಾ? ಮಂದಿ ಏನಂತಾರ ಭಾಬಿ?”

“ಇಷ್ಟು ದಿನ ಮಂದಿ ಬಂದು ಹಿಡದಾರೇನು?”

ಬಾವಿಯ ನೀರು ಎಲುಬಿಗೆ ಚುಚ್ಚುವಷ್ಟು ತಂಪಾಗಿತ್ತು. ತಳದಲ್ಲಿ ಕಲ್ಲಿನ ಪೊಟರೆಗೆ ಸೈದಪ್ಪ ತೋಳು ತೂರಿಸಿದ. ಬೆರಳಿಗೆ ಕಬ್ಬಿಣ ತಾಕಿತು. ರೂಢಿಯಂತೆ ಇನ್ನೊಂದು ಕೈ ಹಗ್ಗವನ್ನು ಒಂದು ಸಲ ಜಗ್ಗಿತು.

ಅಷ್ಟೇ! ಮೇಲಿನಿಂದ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದರು. ಕಬ್ಬಿಣ ಕೈ ಜಾರಿತು, ಬೆನ್ನು ಕಲ್ಲಿಗೆ ಉಜ್ಜಿತು.

“ಯಾರ್ ಹೇಳಿದ್ರು ಎಳೀಲಾಕ? ತಲಿ ಇಲ್ಲೇನು ನಿಮಗ!” ನೀರಿನಿಂದ ತಲೆ ಎತ್ತಿದ್ದೇ ಬೊಬ್ಬಿರಿದ.

“ಜಗ್ಗಿದ್ರಲ್ಲ ಭಾಯಿ... ಟಿವಿಯಾಗಿನಂವ ಹಂಗೇ ಜಗ್ಗಿದ್ದ. ಅಂವನ್ನ ಯಾರೂ ಎಳೀಲಿಲ್ಲ.”

ಆಕೆಯ ಅಂಗೈ ಸುಲಿದು ಕೆಂಪಾಗಿತ್ತು. ಸೈದಪ್ಪ ಬೈಯುವುದನ್ನು ಬಿಟ್ಟು ಗೋಡೆಯ ಕಲ್ಲು ಹಿಡಿದ. ಹಗ್ಗ ಜಗ್ಗುವ ಆ ಲೆಕ್ಕವನ್ನು ತಾನೂ ಇಮಾಮಸಾಬನೂ ಯಾರಿಗೂ ಹೇಳಿರಲಿಲ್ಲ.

“ಎರಡು ಜಗ್ಗಿದ್ರ ಎಳೀರಿ. ಒಂದು ಜಗ್ಗಿದ್ರ ನೀವೂ ಒಂದು ಜಗ್ರಿ.”

“ಒಂದಂದ್ರ ಏನು?”

“ಏನಿಲ್ಲ. ಅದೀರೇನು ಅಂತ ಕೇಳೂದು.”

ಮತ್ತೆ ಮುಳುಗಿದ. ಪೊಟರೆಯ ಬಾಯಲ್ಲಿ ನಿಂತು ಒಂದು ಜಗ್ಗಿದ. ಏನೂ ಇಲ್ಲ. ಎದೆ ಬಿಗಿಯತೊಡಗಿತು. ಆಮೇಲೆ ಹಗ್ಗ ಅಳುಕುತ್ತ, ಮೆಲ್ಲಗೆ ಅಲುಗಿತು. ಅದು ಇಮಾಮಸಾಬನ ಕೈಯಲ್ಲ. ಗೆಳೆಯ ಇನ್ನಿಲ್ಲ ಎಂಬುದು ಮಣ್ಣು ಕೊಟ್ಟ ದಿನಕ್ಕಿಂತ ಈಗಲೇ ಖರೆಯಾಯಿತು.

ಸೈದಪ್ಪ ಪೊಟರೆಯ ಕತ್ತಲೊಳಗೆ ತೋಳು ಚಾಚಿದ.